ಸೀಟೇ ಇಲ್ಲದ ಸೈಕಲ್ಲಿಗೆ ಯಾವ ಕಾನೂನು?

ಈ ಸಲ ಬಂದ ಪ್ರಶ್ನೆಗಳೆಲ್ಲ ಟ್ರಯಲ್ಸ್ ಸೈಕ್ಲಿಂಗ್ ಸುತ್ತಲೇ ಇವೆ. ಈ ಆಟ ನೋಡಿರದವರಿಗೆ ಎರಡು ಮಾತು. ಬಂಡೆ, ಮರದ ದಿಮ್ಮಿ, ಕಾಂಕ್ರೀಟ್ ಪೈಪುಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ದಾಟಿಸಬೇಕು. ಹಿಂದಿನ ಚಕ್ರದ ಮೇಲೆ ನಿಂತು ಕಪ್ಪೆ ಹಾಗೆ ಕುಪ್ಪಳಿಸುವುದೇ ಇದರ ಜೀವಾಳ. ಕೂರುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ಸ್ಪರ್ಧೆಯ ಸೈಕಲ್‌ಗಳಿಗೆ ಸೀಟೂ ಇರುವುದಿಲ್ಲ, ಬದಲಿಸುವ ಗೇರೂ ಇರುವುದಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 1986ರಿಂದ ಇದರ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಆದರೂ ಈ ಸೈಕಲ್ ಕಂಡರೆ ಅಂಗಡಿಯವರಿಗೂ ಗೊಂದಲ, ಕಾನೂನಿಗೂ ಗೊಂದಲ.

ಪ್ರಶ್ನೆ: ಅಮೆರಿಕದಲ್ಲಿ ಟ್ರಯಲ್ಸ್ ಸೈಕಲ್ ಕೊಂಡೆ. ಸೀಟಿಲ್ಲ, ಆದರೆ ಮುಂದೆ, ಹಿಂದೆ, ಪೆಡಲಿಗೆ, ಚಕ್ರಕ್ಕೆಲ್ಲ ರಿಫ್ಲೆಕ್ಟರ್ ಇದೆ. ಚೈನಿನ ಮೇಲೊಂದು ಪ್ಲಾಸ್ಟಿಕ್ ಕವರ್ ಬೇರೆ. ಮೊದಲ ಬಂಡೆಗೇ ಅದು ಪುಡಿಪುಡಿ ಆಯಿತು. ಇದನ್ನೆಲ್ಲ ಹಾಕಿ ಕೊಡುವುದಾದರೂ ಯಾಕೆ?

ನಿಮ್ಮ ಸೈಕಲ್ ನೆನೆಸಿಕೊಂಡು ನನಗೂ ನಗು ಬಂತು. ಆದರೆ ಮಾರಿದವರದ್ದು ತಪ್ಪಿಲ್ಲ.

ಅಮೆರಿಕದಲ್ಲಿ ಸೈಕಲ್ ಸುರಕ್ಷತೆಯ ನಿಯಮ ಮಾಡುವುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ. ಅದರ ಲೆಕ್ಕದಲ್ಲಿ ಎರಡು ಚಕ್ರ ಇದ್ದು, ಹಿಂದಿನ ಚಕ್ರವನ್ನು ಮನುಷ್ಯ ತನ್ನ ಬಲದಿಂದ ತಿರುಗಿಸಿದರೆ ಅದು ಸೈಕಲ್. ಸೀಟಿದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಪೂರ್ತಿ ವಿನಾಯಿತಿ ಇರುವುದು ಎರಡು ಬಗೆಗೆ. ಒಂದು, ವೆಲೋಡ್ರೋಮ್‌ನಲ್ಲಿ, ಅಂದರೆ ರೇಸಿಗೆಂದೇ ಕಟ್ಟಿದ ಸುತ್ತುಹಾದಿಯಲ್ಲಿ ಓಡುವ, ಬ್ರೇಕೂ ಇಲ್ಲದ, ತುಳಿಯುವುದು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲೂ ಇಲ್ಲದ ಟ್ರ್ಯಾಕ್ ಸೈಕಲ್. ಇನ್ನೊಂದು, ಒಬ್ಬ ಗ್ರಾಹಕರು ಹೇಳಿ ಮಾಡಿಸಿಕೊಂಡ ಒಂದೇ ಒಂದು ಸೈಕಲ್. ಅದರಲ್ಲೂ ಸಿದ್ಧ ಭಾಗಗಳನ್ನು ತಂದು ಜೋಡಿಸಿದ್ದರೆ ವಿನಾಯಿತಿ ಇಲ್ಲ. ನಿಯಮ ಬರೆದವರಿಗೆ ವೆಲೋಡ್ರೋಮ್ ಗೊತ್ತಿತ್ತು. ಬಂಡೆ ಹತ್ತುವವರು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಚೈನ್ ಕವರಿನ ಕಥೆ ಇನ್ನೂ ಮಜವಾಗಿದೆ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಒಂದೇ ಹಲ್ಲುಚಕ್ರ ಇರುವ ಸೈಕಲ್ಲಿಗೆ ಚೈನಿನ ಮೇಲ್ಭಾಗ ಮುಚ್ಚುವ ಕವರ್ ಇರಲೇಬೇಕು ಅನ್ನುತ್ತದೆ ನಿಯಮ. ಪ್ಯಾಂಟಿನ ತುದಿ, ಬೆರಳು ಸಿಕ್ಕಿಹಾಕಿಕೊಳ್ಳಬಾರದು ಅನ್ನುವುದು ಉದ್ದೇಶ. ಸಾದಾ ಸೈಕಲ್ಲಿಗೆ ಅದು ಸರಿಯೇ. ಟ್ರಯಲ್ಸ್‌ನಲ್ಲಿ ಒಂದೇ ಹಲ್ಲುಚಕ್ರ ಇಟ್ಟುಕೊಳ್ಳುವುದು ಹಾರುವ ಹೊತ್ತಿಗೆ ಚೈನು ಜಾರದಿರಲಿ ಅಂತ. ಕಾನೂನು ಹಲ್ಲುಚಕ್ರ ಎಣಿಸಿತು, ನಿಮ್ಮ ಸೈಕಲ್ಲಿಗೂ ಕವರ್ ಬಂತು.

ಬ್ರೇಕ್ ಪರೀಕ್ಷೆಯನ್ನೂ ನೋಡಿ. ಕೈ ಬ್ರೇಕಿನ ಸೈಕಲ್ 4.57 ಮೀಟರ್ ಒಳಗೆ ನಿಲ್ಲಬೇಕು. ಎಷ್ಟು ವೇಗದಿಂದ ಅನ್ನುವುದು ಗೇರಿನ ಮೇಲೆ, ಅಂದರೆ ಮುಂದಿನ, ಹಿಂದಿನ ಹಲ್ಲುಚಕ್ರಗಳ ಅನುಪಾತದ ಮೇಲೆ ನಿಂತಿದೆ. ಮಾಮೂಲಿ ಸೈಕಲ್ಲಿಗೆ ಗಂಟೆಗೆ 24 ಕಿ.ಮೀ., ಗೇರು ತೀರಾ ಸಣ್ಣದಿದ್ದರೆ 16 ಕಿ.ಮೀ. 20 ಇಂಚಿನ ಟ್ರಯಲ್ಸ್ ಸೈಕಲ್ಲಿನಲ್ಲಿ ಮುಂದೆ 18 ಹಲ್ಲು, ಹಿಂದೆ 12 ಹಲ್ಲು ಇರುವುದು ವಾಡಿಕೆ. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ಅದು ಹೋಗುವುದು ಗಂಟೆಗೆ 8.5 ಕಿ.ಮೀ. ಆಸುಪಾಸು. 16 ಕಿ.ಮೀ. ಮುಟ್ಟಲು ನಿಮಿಷಕ್ಕೆ 110ಕ್ಕೂ ಜಾಸ್ತಿ ಸುತ್ತು ತುಳಿಯಬೇಕು, ಅದೂ ನಿಂತುಕೊಂಡೇ! ಪರೀಕ್ಷೆ ಮಾಡುವ ಆ ಪುಣ್ಯಾತ್ಮನ ತೊಡೆ ನೆನೆಸಿಕೊಂಡರೆ ಅಯ್ಯೋ ಅನಿಸುತ್ತದೆ. ಬ್ರೇಕಿಗೆ ಮಾತ್ರ ಇದು ಲೆಕ್ಕಕ್ಕೇ ಇಲ್ಲ. ಟ್ರಯಲ್ಸ್ ಬ್ರೇಕ್ ಹಿಡಿದರೆ ಕಚ್ಚಿಕೊಂಡೇ ನಿಲ್ಲುತ್ತದೆ.

ಈ ನಿಯಮ ಮಾರುವವರನ್ನು ಕಟ್ಟಿಹಾಕುವಂಥದ್ದು. ಕೊಂಡ ಮೇಲೆ ನೀವು ಆಡುವ ಜಾಗದಲ್ಲಿ ರಿಫ್ಲೆಕ್ಟರ್, ಕವರ್ ಬಿಚ್ಚಿಡಬಹುದು. ರಸ್ತೆಗೆ ತರುವುದಾದರೆ ರಸ್ತೆ ಕಾನೂನು ಬೇರೆಯೇ ಇದೆ, ರಿಫ್ಲೆಕ್ಟರ್ ವಾಪಸ್ ಹಾಕಿ. ಹ್ಯಾಂಡಲಿನ ಎರಡು ತುದಿಯ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಅದನ್ನೂ ಇದೇ ನಿಯಮ ಕೇಳುತ್ತದೆ. ಬೋಳು ಕೊಳವೆಯ ತುದಿಯ ಮೇಲೆ ಬಿದ್ದರೆ ತೊಡೆಯಲ್ಲಿ ದುಂಡಗೆ ತೂತು ಬೀಳುತ್ತದೆ. ನಾನು ನೋಡಿದ್ದೇನೆ.

ಪ್ರಶ್ನೆ: ಯುರೋಪಿನಲ್ಲಿ ಓದುತ್ತಿದ್ದೇನೆ. ಮೂರು ತಿಂಗಳ ಹಿಂದೆ ಕೊಂಡ ಟ್ರಯಲ್ಸ್ ಸೈಕಲ್ಲಿನ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮುರಿಯಿತು, ಎರಡು ಹಲ್ಲು ಹೋಯಿತು. ಅಂಗಡಿಯವರು "ಇದು ಸ್ಪರ್ಧೆಯ ಸೈಕಲ್, ಜಿಗಿದು ಮುರಿದರೆ ನಾವು ಜವಾಬ್ದಾರರಲ್ಲ" ಅನ್ನುತ್ತಾರೆ. ಜಿಗಿಯದೆ ಇದರಲ್ಲಿ ಮಾಡುವುದೇನು ಸರ್?

ನಿಮ್ಮ ಕೊನೆಯ ವಾಕ್ಯವೇ ನಿಮ್ಮ ವಾದ. ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಸೈಕಲ್ ಗಟ್ಟಿತನಕ್ಕೆ ಜಗತ್ತು ಒಪ್ಪಿದ ಮಾನದಂಡ ಐಎಸ್‌ಒ 4210. ಯುರೋಪೂ ಅದನ್ನೇ ಅನುಸರಿಸುತ್ತದೆ. ಊರಲ್ಲಿ ಓಡಿಸುವ ಸೈಕಲ್, ಮೌಂಟನ್ ಬೈಕ್, ರೇಸ್ ಸೈಕಲ್ ಎಲ್ಲ ಅದರೊಳಗೆ ಬರುತ್ತವೆ. ಆದರೆ ಅಧಿಕೃತ ಸ್ಪರ್ಧೆ, ಸಾಹಸ ಪ್ರದರ್ಶನದಂಥ ಒರಟು ಬಳಕೆಗೆ ಮಾಡಿದ ಸೈಕಲ್‌ಗಳನ್ನು ಅದೇ ಮಾನದಂಡ ಹೊರಗಿಟ್ಟಿದೆ. ನಮ್ಮ ಆಟದವರು ಬಹಳ ಜನ ಇದನ್ನು ಸ್ವಾತಂತ್ರ್ಯ ಅಂದುಕೊಂಡು ಖುಷಿಪಡುತ್ತಾರೆ. ನನಗೆ ಹಾಗನಿಸುವುದಿಲ್ಲ. ರಿಫ್ಲೆಕ್ಟರ್ ಹಾಕುವುದು ಕಿರಿಕಿರಿ, ಒಪ್ಪುತ್ತೇನೆ. ಆದರೆ ಫೋರ್ಕ್ ಇಷ್ಟು ಸಲ ಬಾಗಿದರೂ ಮುರಿಯಬಾರದು ಅಂತ ಹೇಳುವ ಪರೀಕ್ಷೆಯೂ ಅದರ ಜೊತೆಗೇ ಹೊರಗೆ ಹೋಯಿತಲ್ಲ? ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿನ್ನುವ ಸೈಕಲ್ಲಿಗೆ, ಇದನ್ನು ತಾಳಲೇಬೇಕು ಅಂತ ಹೇಳುವ ಮಾನದಂಡ ಇಲ್ಲ.

ಹಾಗಂತ ಅಂಗಡಿಯವರು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಯಾವ ಮಾನದಂಡಕ್ಕೂ ಸಿಗದ ವಸ್ತುವನ್ನೂ ಹಿಡಿಯುವ ದೊಡ್ಡ ಬಲೆಯೊಂದು ಯುರೋಪಿನಲ್ಲಿದೆ. ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ, ಸಂಖ್ಯೆ 2023/988. 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಜನ ಹೇಗೆ ಬಳಸುತ್ತಾರೆ ಅಂತ ಮೊದಲೇ ಊಹಿಸಬಹುದೋ ಆ ಬಳಕೆಯಲ್ಲಿ ವಸ್ತು ಸುರಕ್ಷಿತವಾಗಿರಬೇಕು ಅನ್ನುವುದು ಅದರ ತಿರುಳು. ಸೀಟೇ ಇಲ್ಲದ ಸೈಕಲ್ ಮಾರಿ, ಇದರಲ್ಲಿ ಜಿಗಿಯುತ್ತಾರೆ ಅಂತ ಊಹಿಸಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಇದರ ಜೊತೆಗೆ, ಕೊಂಡ ವಸ್ತು ಹೇಳಿದ ಕೆಲಸಕ್ಕೆ ಬಾರದಿದ್ದರೆ ಕನಿಷ್ಠ ಎರಡು ವರ್ಷ ಮಾರಿದವರೇ ಹೊಣೆ ಅನ್ನುವ ಗ್ರಾಹಕ ಕಾನೂನೂ ಅಲ್ಲಿದೆ. ಬಿಲ್ಲಿನಲ್ಲಿ ಅಥವಾ ಜಾಹೀರಾತಿನಲ್ಲಿ "ಟ್ರಯಲ್ಸ್" ಅನ್ನುವ ಪದ ಇದೆಯಾ ನೋಡಿ. ಇದ್ದರೆ ಇವತ್ತೇ ಫೋಟೋ ತೆಗೆದಿಡಿ. ಜಾಹೀರಾತು ನಾಳೆ ಬದಲಾಗಬಹುದು.

ಈಗ ಮುರಿದ ತುಂಡಿಗೆ ಬನ್ನಿ. ಅದನ್ನು ಒರೆಸಬೇಡಿ, ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಬೇಡಿ, ಅಂಗಡಿಗಂತೂ ಕೊಟ್ಟು ಬರಲೇಬೇಡಿ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮೇಲ್ಮೈ ಪೂರ್ತಿ ಒರಟಾಗಿ, ಸಕ್ಕರೆ ಹರಳಿನ ಹಾಗೆ ಮಿನುಗಿದರೆ ಒಂದೇ ಪೆಟ್ಟಿಗೆ ಮುರಿದಿರಬಹುದು. ಒಂದು ಮೂಲೆಯಿಂದ ಶುರುವಾಗಿ ಕಪ್ಪೆಚಿಪ್ಪಿನ ಮೇಲಿನ ಗೆರೆಗಳ ಹಾಗೆ ಬಾಗಿದ ಗೆರೆಗಳಿದ್ದು, ಆ ಭಾಗ ನುಣುಪಾಗಿ ಮಂಕಾಗಿದ್ದರೆ, ಬಿರುಕು ಬಹಳ ದಿನದಿಂದ ಬೆಳೆಯುತ್ತಾ ಬಂದಿದೆ ಅಂತ ಅರ್ಥ. ಆ ಗೆರೆಗಳು ಬೆಸುಗೆಯ ಅಂಚಿನಿಂದಲೇ ಹೊರಟಿದ್ದರೆ ತಯಾರಿಕೆಯ ಕಡೆಗೆ ಬೆರಳು ತೋರಿಸಲು ನಿಮಗೆ ಆಧಾರ ಸಿಕ್ಕಿತು. ನನ್ನ ಹ್ಯಾಂಡಲ್ ಒಮ್ಮೆ ಕ್ಲಾಂಪಿನ ಪಕ್ಕದಲ್ಲೇ ಮುರಿದಿತ್ತು. ಕ್ಲಾಂಪಿನ ಚೂಪು ಅಂಚು ಕೊಳವೆಯಲ್ಲಿ ಉಗುರಿನಷ್ಟು ಗೀರು ಹಾಕಿತ್ತು, ಬಿರುಕು ಅಲ್ಲಿಂದಲೇ ಹೊರಟಿತ್ತು. ಅವತ್ತು ಸಿಟ್ಟಲ್ಲಿ ತುಂಡು ಕಸಕ್ಕೆ ಎಸೆದೆ. ಆಮೇಲೆ ಯಾರಿಗೆ ಏನು ಹೇಳಿದರೂ ಸಾಕ್ಷಿ ಇರಲಿಲ್ಲ.

ಫ್ರೇಮಿನ ನಂಬರ್, ಫೋಟೋ, ಹಲ್ಲಿನ ಡಾಕ್ಟರ ಚೀಟಿ ಸೇರಿಸಿ ತಯಾರಕರಿಗೆ ಬರೆಯಿರಿ. ಆ ದೇಶದ ಮಾರುಕಟ್ಟೆ ಮೇಲ್ವಿಚಾರಣೆಯ ಇಲಾಖೆಗೂ ದೂರು ಕೊಡಿ. ನಮ್ಮದು ಸಣ್ಣ ಆಟ. ಒಂದು ಮಾದರಿಯ ಸೈಕಲ್ ಮಾರಾಟವಾಗುವುದೇ ಕಡಿಮೆ. ಮುರಿದ ಪ್ರತಿಯೊಬ್ಬರೂ ಸುಮ್ನೆ ಹೊಸ ಫೋರ್ಕ್ ಹಾಕಿಕೊಂಡರೆ, ಹತ್ತು ಜನರಿಗೆ ಆಗಿದ್ದು ಹತ್ತನೆಯವರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಮಗಳಿಗೆ 11 ವರ್ಷ. 20 ಇಂಚಿನ ಟ್ರಯಲ್ಸ್ ಸೈಕಲ್ ಕೇಳಿದರೆ ಅಂಗಡಿಯವರು "ಇದು ಮಕ್ಕಳ ಸೈಕಲ್ ಅಲ್ಲ ಮೇಡಂ" ಅಂತ ಮೂರು ಸಲ ಹೇಳಿದರು. 20 ಇಂಚು ಮಕ್ಕಳದ್ದೇ ಅಲ್ವಾ?

ಟ್ರಯಲ್ಸ್‌ನಲ್ಲಿ ಅಲ್ಲ. ಇಲ್ಲಿ 20 ಇಂಚು ಮತ್ತು 26 ಇಂಚು ಎರಡೂ ದೊಡ್ಡವರ ಸ್ಪರ್ಧಾ ವಿಭಾಗಗಳೇ. ಆದರೆ ಅಂಗಡಿಯವರು ಅಷ್ಟು ಒತ್ತಿ ಹೇಳಿದ್ದಕ್ಕೆ ಬೇರೆ ಕಾರಣವೂ ಇರಬಹುದು.

ಅಮೆರಿಕ 2008ರಲ್ಲಿ ಮಕ್ಕಳ ವಸ್ತುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. ಮುಖ್ಯವಾಗಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗಾಗಿ ಮಾಡಿದ ಯಾವ ವಸ್ತುವೂ ಅದರಡಿ ಬರುತ್ತದೆ. ಆಟಿಕೆ ಬಾಯಿಗೆ ಹಾಕುವ ಕೂಸುಗಳಿಗೆ ಅದು ಬೇಕಾಗಿತ್ತು. ಆದರೆ ಸೈಕಲ್ ಟ್ಯೂಬಿನ ವಾಲ್ವ್, ಕಡ್ಡಿಗಳ ತುದಿಯ ನಿಪ್ಪಲ್ ಮಾಡುವುದು ಹಿತ್ತಾಳೆಯಿಂದ. ಲೇತಿನಲ್ಲಿ ಸಲೀಸಾಗಿ ಕಡಿಯಲಿ ಅಂತ ಆ ಹಿತ್ತಾಳೆಗೆ ಸ್ವಲ್ಪ ಸೀಸ ಬೆರೆಸುವುದು ರೂಢಿ. ಮಕ್ಕಳ ಸೈಕಲ್‌ಗಳೆಲ್ಲ ಸಿಕ್ಕಿಬಿದ್ದವು. ಕೊನೆಗೆ 2011ರಲ್ಲಿ ಕಾನೂನು ತಿದ್ದಿ, ಬೇರೆ ವಸ್ತುಗಳಿಗೆ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮಿತಿ ಇದ್ದರೂ ಸೈಕಲ್ಲಿನ ಲೋಹದ ಭಾಗಗಳಿಗೆ 300 ಪಿಪಿಎಂ ವರೆಗೆ ಬಿಟ್ಟರು.

ಮಿತಿ ಸಡಿಲಾದರೂ, ಮಕ್ಕಳ ವಸ್ತು ಅಂದ ಕೂಡಲೇ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಸಾಮಾನ್ಯವಾಗಿ ಬೇಕಾಗುತ್ತದೆ. ಲಕ್ಷ ಸೈಕಲ್ ಮಾಡುವ ಕಾರ್ಖಾನೆಗೆ ಆ ಖರ್ಚು ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ನೂರಿನ್ನೂರು ಮಾಡುವವರಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಸಣ್ಣ ತಯಾರಕರು "ಮಕ್ಕಳಿಗೆ" ಅನ್ನುವ ಪದವನ್ನೇ ದೂರ ಇಡುತ್ತಾರೆ. ಇದಕ್ಕೆ ಬೆಲೆ ತೆರುವುದು ನಿಮ್ಮ ಮಗಳಂಥವರು. ಈ ಆಟ ಹುಟ್ಟಿದ್ದೇ ಸ್ಪೇನಿನಲ್ಲಿ, ಮೋಟರ್‌ಸೈಕಲ್ ಟ್ರಯಲ್ಸ್ ಸವಾರ ಪೆರೆ ಪಿ ತನ್ನ ಮಗ ಓತ್ ಪಿಗೆ ಸೈಕಲ್ಲಿನಲ್ಲಿ ಅಭ್ಯಾಸ ಮಾಡಿಸಿದ್ದರಿಂದ ಅನ್ನುತ್ತಾರೆ. ಆ ಹುಡುಗ ಮುಂದೆ ವಿಶ್ವ ಚಾಂಪಿಯನ್ ಆದ.

ಸೈಕಲ್ ತೆಗೆದುಕೊಳ್ಳಿ, ಪರವಾಗಿಲ್ಲ. ಆದರೆ ಬ್ರೇಕ್ ಹಿಡಿ ಮಗಳ ಒಂದೇ ಬೆರಳಿಗೆ ಸಲೀಸಾಗಿ ಸಿಗುತ್ತದಾ ನೋಡಿ. ದೊಡ್ಡವರ ಸೈಕಲ್ಲಿನ ಹಿಡಿ ದೂರ ಇರುತ್ತದೆ, ಹತ್ತಿರ ತರುವ ಸ್ಕ್ರೂ ತಿರುಗಿಸಿ ಹೊಂದಿಸಬೇಕು.

ಪ್ರಶ್ನೆ: ಬೆಟ್ಟ ಹತ್ತುವಾಗ ಹಾಕುವ ಹೆಲ್ಮೆಟ್ ಇದೆ. ಟ್ರಯಲ್ಸ್‌ಗೂ ನಡೆಯುತ್ತದಾ?

ಬೇಡ. ಆ ಹೆಲ್ಮೆಟ್‌ಗಳ ಯುರೋಪಿನ ಇಎನ್ 12492 ಮಾನದಂಡದಲ್ಲಿ ಮುಖ್ಯ ಚಿಂತೆ ಮೇಲಿನಿಂದ ಬೀಳುವ ಕಲ್ಲು. ಟ್ರಯಲ್ಸ್‌ನಲ್ಲಿ ನೀವು ಬೆನ್ನು ಕೆಳಗಾಗಿ ಬೀಳುತ್ತೀರಿ, ತಲೆಯ ಹಿಂಭಾಗ ಬಂಡೆಗೆ ಬಡಿಯುತ್ತದೆ. ಇಎನ್ 1078 ಅಥವಾ ಸಿಪಿಎಸ್‌ಸಿ ಗುರುತು ಇರುವ ಸೈಕಲ್ ಹೆಲ್ಮೆಟ್, ಅದರಲ್ಲೂ ಹಿಂದೆ ಕೆಳಗಿನವರೆಗೆ ಇಳಿದಿರುವಂಥದ್ದು ಕೊಳ್ಳಿ.

ಪ್ರಶ್ನೆ: ನಾನು ಫ್ರೇಮ್ ವೆಲ್ಡ್ ಮಾಡುತ್ತೇನೆ. ಗೆಳೆಯರೆಲ್ಲ ಮೆಚ್ಚಿದ್ದಾರೆ. ಇನ್ನು ಯುರೋಪಿಗೂ ಕಳಿಸೋಣ ಅಂತಿದ್ದೇನೆ. ಪೂರ್ತಿ ಸೈಕಲ್ ಮಾರಲೋ, ಬರೀ ಫ್ರೇಮ್ ಸಾಕೋ?

ಬರೀ ಫ್ರೇಮಿನಿಂದ ಶುರುಮಾಡಿ. ರಿಫ್ಲೆಕ್ಟರ್, ಚೈನ್ ಕವರ್, ಬ್ರೇಕಿನ ನಿಯಮಗಳು ಪೂರ್ತಿ ಸೈಕಲ್ಲಿಗೆ ಅಂಟಿಕೊಂಡವು. ಬಿಡಿ ಫ್ರೇಮಿಗೆ ಬೆಲ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನಮ್ಮ ಆಟದ ಸಣ್ಣ ತಯಾರಕರಲ್ಲಿ ಬಹಳ ಮಂದಿ ಫ್ರೇಮು, ಫೋರ್ಕುಗಳನ್ನು ಬಿಡಿಬಿಡಿಯಾಗಿಯೇ ಮಾರುತ್ತಾರೆ.

ಆದರೆ ಮೇಲೆ ಹೇಳಿದ ಯುರೋಪಿನ ಆ ದೊಡ್ಡ ಬಲೆ ಫ್ರೇಮನ್ನೂ ಹಿಡಿಯುತ್ತದೆ. ಅಪಾಯಗಳೇನು, ಅವಕ್ಕೆ ನೀವು ಏನು ಮಾಡಿದ್ದೀರಿ ಅಂತ ಬರೆದ ದಾಖಲೆ ಬೇಕು. ಫ್ರೇಮಿನ ಮೇಲೆ ಗುರುತಿನ ಸಂಖ್ಯೆ, ನಿಮ್ಮ ಹೆಸರು, ವಿಳಾಸ ಬೇಕು. ನೀವು ಯುರೋಪಿನ ಹೊರಗಿದ್ದರೆ ಅಲ್ಲಿನ ಒಬ್ಬರು ನಿಮ್ಮ ಪರವಾಗಿ ಹೊಣೆ ಹೊರಬೇಕು, ಅವರ ವಿವರವೂ ಕಾಣಬೇಕು. ಆನ್‌ಲೈನಲ್ಲಿ ಒಂದೇ ಫ್ರೇಮ್ ಕಳಿಸಿದರೂ ಇದೇ ಲೆಕ್ಕ. ಆ ಒಬ್ಬರನ್ನು ಹುಡುಕುವುದೇ ದೊಡ್ಡ ಕೆಲಸ. ಹೊರಗಿನ ಕೆಲ ಸಣ್ಣ ತಯಾರಕರಿಗೆ ಯುರೋಪಿನ ಸಹವಾಸವೇ ಸಾಕು ಅನಿಸಿದರೆ ಅದಕ್ಕೆ ಇದೇ ಕಾರಣ.

ಪರೀಕ್ಷೆ ಮಾಡಿಸುವುದಾದರೆ ಐಎಸ್‌ಒ 4210ರ ಮೌಂಟನ್ ಬೈಕ್ ಪರೀಕ್ಷೆಗಳನ್ನು ಕನಿಷ್ಠ ಅಂತ ಇಟ್ಟುಕೊಳ್ಳಿ. ಅದರಲ್ಲಿ 22.5 ಕೆ.ಜಿ. ಭಾರವನ್ನು ಫ್ರೇಮಿನ ಮುಂಭಾಗಕ್ಕೆ ಬೀಳಿಸುತ್ತಾರೆ. ಪೆಡಲ್ ಮೇಲೆ ಒತ್ತಡವನ್ನು 1,00,000 ಸಲ ಹಾಕಿ ತೆಗೆಯುತ್ತಾರೆ. ಆದರೆ ಇದೆಲ್ಲ ಕೂತು ತುಳಿಯುವವರ, ಮುಂದೆ ಗುದ್ದಿಕೊಳ್ಳುವವರ ಲೆಕ್ಕ. ನಿಮ್ಮ ಫ್ರೇಮು ಪೆಟ್ಟು ತಿನ್ನುವುದು ಹಿಂದೆ. ಬ್ರೇಕ್ ಬಿಗಿಹಿಡಿದ ಹಿಂದಿನ ಚಕ್ರದ ಮೇಲೆ ಸವಾರ ಧೊಪ್ ಅಂತ ಇಳಿಯುತ್ತಾನೆ. ಆಗ ಬ್ರೇಕ್ ಕೂರಿಸಿದ ಜಾಗದ ಬೆಸುಗೆ ತಿರುಚಿಕೊಳ್ಳುತ್ತದೆ. ಪರೀಕ್ಷೆ ಪಾಸಾದ ಮೇಲೂ ಆ ಜಾಗವನ್ನು ನೀವೇ ಬೇರೆಯಾಗಿ ಹಿಂಸಿಸಿ ನೋಡಬೇಕು.

ಪ್ರಶ್ನೆ: ಬ್ರೇಕ್ ಚೆನ್ನಾಗಿ ಕಚ್ಚಲಿ ಅಂತ ಎಲ್ಲರೂ ರಿಮ್‌ಗೆ ಗ್ರೈಂಡರ್ ಹಿಡಿಯುತ್ತಾರೆ. ಇದು ಕಾನೂನಿಗೆ ವಿರುದ್ಧವಾ?

ನಿಮ್ಮ ರಿಮ್ ನೀವು ಗೀರಿಕೊಂಡರೆ ಉತ್ಪನ್ನದ ಕಾನೂನು ಅಡ್ಡ ಬರುವುದಿಲ್ಲ. ಗೀರಿದ ಮೇಲೆ ಅದು ತಯಾರಕರು ಮಾರಿದ ವಸ್ತುವಾಗಿ ಉಳಿಯುವುದಿಲ್ಲ, ಅಷ್ಟೇ. ವಾರಂಟಿ ಮರೆತುಬಿಡಿ. ಗೀರಿ ಮಾರುವುದಾದರೆ ಹೊಣೆ ಮಾರಿದವರ ಮೇಲೆ.

ನಿಜವಾದ ತೊಂದರೆ ಬೇರೆ ಇದೆ. ಬ್ರೇಕ್ ಉಜ್ಜುವ ರಿಮ್ ಸವೆಯುವುದರ ಬಗ್ಗೆ ಸವಾರರಿಗೆ ಎಚ್ಚರಿಕೆ ಇರಬೇಕು ಅನ್ನುತ್ತದೆ ಐಎಸ್‌ಒ 4210. ಅದಕ್ಕೇ ಎಷ್ಟೋ ರಿಮ್‌ಗಳಲ್ಲಿ ಸಣ್ಣ ಗೆರೆಯೋ ಕುಳಿಯೋ ಇರುತ್ತದೆ. ಗ್ರೈಂಡರ್ ಹಿಡಿದ ಮೊದಲ ದಿನವೇ ಆ ಗುರುತು ಅಳಿಸಿಹೋಗುತ್ತದೆ. ಆಮೇಲೆ ರಿಮ್‌ನ ಪಕ್ಕದ ಗೋಡೆ ಎಷ್ಟು ತೆಳುವಾಯಿತು ಅಂತ ಹೇಳುವವರಿಲ್ಲ. ಗೀರುವ ಮೊದಲೇ ಟೈರ್ ಬಿಚ್ಚಿ, ದಪ್ಪ ಅಳೆಯುವ ಕ್ಯಾಲಿಪರ್‌ನಿಂದ ಗೋಡೆಯ ದಪ್ಪ ಅಳೆದು ಒಳಗಡೆ ಮಾರ್ಕರಿನಲ್ಲಿ ಬರೆದಿಡಿ. ಪ್ರತಿ ಸಲ ಗೀರಿದ ಮೇಲೂ ಅಳೆಯಿರಿ. ಗಾಳಿ ತುಂಬಿದಾಗ ರಿಮ್‌ನ ಅಂಚು ಒಂದು ಕಡೆ ಹೊರಗೆ ಉಬ್ಬಿದ ಹಾಗೆ ಕಂಡರೆ ತಕ್ಷಣ ಗಾಳಿ ಬಿಡಿ, ಆ ರಿಮ್ ಬಿಚ್ಚಿ ಪಕ್ಕಕ್ಕಿಡಿ.