‘ನೋಡೋಣ ತಗೋ’ ಎಂದವರು ಸಹಿ ಹಾಕುವ ಮುನ್ನ

ಪುಣೆ ಬಳಿಯ ಭೋಸರಿಯಿಂದ ಬಂದ ಈ ಪತ್ರ ಮೂರು ದಿನ ನನ್ನ ಮೇಜಿನ ಮೇಲೆಯೇ ಇತ್ತು. ಸಿಟ್ಟು ಇಳಿದ ಮೇಲೆ ಉತ್ತರಿಸೋಣ ಎಂದುಕೊಂಡಿದ್ದೆ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಬರೆದವರು ಇಂಡಿ ತಾಲ್ಲೂಕಿನವರು, 36 ವರ್ಷ, ವಾಹನಗಳ ಬಿಡಿಭಾಗ ತಯಾರಿಸುವ ಪ್ರೆಸ್ ಶಾಪೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಅಲ್ಲಿಯ ಪ್ರೊಡಕ್ಷನ್ ಮ್ಯಾನೇಜರು ಇವರಿಗೆ ಸಂಬಂಧದಲ್ಲಿ ಸೋದರಮಾವ. 11 ವರ್ಷಗಳ ಹಿಂದೆ ಪುಣೆಗೆ ಕರೆತಂದು, ಕೆಲಸಕ್ಕೆ ಹಚ್ಚಿ, ಮುಂದೆ ನಿಂತು ಮದುವೆ ಮಾಡಿಸಿದವರು. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ, ಇವರೇ ಊರಿನಿಂದ ಕರೆತಂದು ಠೇಕೆದಾರನ ಕೈಕೆಳಗೆ ಸೇರಿಸಿದ್ದ 22 ವರ್ಷದ ಹುಡುಗನ ಬಲಗೈಯ ಎರಡು ಬೆರಳುಗಳು, ತಗಡನ್ನು ಒತ್ತಿ ಬಿಡಿಭಾಗ ಮಾಡುವ ಪವರ್ ಪ್ರೆಸ್ಸಿಗೆ ಸಿಕ್ಕಿ ಹೋದವು. ‘ಕಾರ್ಮಿಕನ ಅಜಾಗರೂಕತೆಯಿಂದ ಆದ ಅಪಘಾತ’ ಎಂದು ಟೈಪ್ ಮಾಡಿದ ವರದಿಗೆ ಮಾವನವರು ಈಗ ಸಹಿ ಕೇಳುತ್ತಿದ್ದಾರೆ. ಸಹಿ ಹಾಕದಿದ್ದರೆ ಅನ್ನಕ್ಕೆ ದಾರಿ ಮಾಡಿಕೊಟ್ಟವರಿಗೆ ದ್ರೋಹ ಬಗೆದಂತೆ, ಹಾಕಿದರೆ ಊರಿಗೆ ಮುಖ ತೋರಿಸುವಂತಿಲ್ಲ, ಮೋಶಿಯಲ್ಲಿ ಕೊಂಡ ಮನೆಯ ಕಂತು ಬೇರೆ ಇದೆ, ನಾನೇನು ಮಾಡಲಿ ಎಂಬುದು ಇವರ ಪ್ರಶ್ನೆ.

ಪತ್ರ ನಾಲ್ಕು ಪುಟದ್ದು. ಮಾವನ ಉಪಕಾರಕ್ಕೆ ಒಂದೂವರೆ ಪುಟ ಹೋಗಿದೆ, ಕಂತಿನ ಲೆಕ್ಕಕ್ಕೆ ಅರ್ಧ ಪುಟ. ಮೂರನೆಯ ಪುಟದ ಕೆಳಗೆ ಮಾತ್ರ, ಸಾಲು ತುಂಬಿಸಲೆಂದು ಬರೆದಂತೆ, ಹೀಗೊಂದು ವಾಕ್ಯವಿದೆ: ‘ಎಂಟು ದಿನ ಮೊದಲು ಹುಡುಗ, ಅಣ್ಣಾರ, ಈ ಪ್ರೆಸ್ ಒಮ್ಮೊಮ್ಮೆ ಎರಡ ಸಲ ಬೀಳಾಕ್ಹತ್ತೈತ್ರಿ ಅಂದಿದ್ದ, ನಾನು ನೋಡೋಣ ತಗೋ ಅಂದೆ, ಆಮೇಲೆ ಕೆಲಸದ ಗದ್ದಲದಾಗ ಮರೆತೆ.’

ಸ್ವಾಮಿ, ನಿಮ್ಮ ಪತ್ರವೆಂದರೆ ಆ ವಾಕ್ಯವೇ. ಉಳಿದದ್ದೆಲ್ಲವನ್ನೂ ಅದರ ಮೇಲೆ ಹೊದಿಸಿದ್ದೀರಿ.

ಪ್ರೆಸ್ಸು ಎರಡು ಸಲ ಬೀಳುವುದೆಂದರೆ ಏನೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ತಿರುಗುವ ಚಕ್ರವನ್ನು ಒಂದು ಕೀಲಿನಿಂದ ಹಿಡಿಯುವ, ಹಳೆಯ ಮಾದರಿಯ ಕೀ ಕ್ಲಚ್ಚಿನ ಪ್ರೆಸ್ಸಿನಲ್ಲಿ ಒಮ್ಮೆ ಕ್ಲಚ್ ಹಿಡಿಯಿತೆಂದರೆ ರ್‍ಯಾಮ್ ಎಂಬ ಹೊಡೆಯುವ ಭಾಗ ಕೆಳಗಿಳಿದು, ಮೇಲೇರಿ, ಪೂರ್ತಿ ಸುತ್ತು ಮುಗಿಸಿದ ಮೇಲೆಯೇ ನಿಲ್ಲುತ್ತದೆ. ಕೀ ಸವೆದಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಅಥವಾ ಬ್ರೇಕ್ ಸಡಿಲವಾಗಿದ್ದರೆ, ಯಾರೂ ಗುಂಡಿ ಒತ್ತದಿದ್ದರೂ ಅದು ಇನ್ನೊಮ್ಮೆ ಬೀಳಬಹುದು. ಅದೂ ಎಂತಹ ಹೊತ್ತಿನಲ್ಲೆಂದರೆ, ಹೊಡೆತ ಮುಗಿಯಿತೆಂದು ನಂಬಿ ಕೆಲಸಗಾರ ಡೈ ಎಂಬ ಅಚ್ಚಿನೊಳಗಿನ ತುಣುಕು ತೆಗೆಯಲು ಕೈ ಹಾಕಿದ ಹೊತ್ತಿನಲ್ಲಿ. ಎರಡು ಕೈಗಳಿಂದ ಒತ್ತಬೇಕಾದ ಗುಂಡಿಗಳು ಆಗ ಅವನನ್ನು ಕಾಯುವುದಿಲ್ಲ. ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಪರದೆಯ ಸೆನ್ಸರ್ ಕೂರಿಸಿದರೂ, ನಡುದಾರಿಯಲ್ಲಿ ನಿಲ್ಲಲು ಬಾರದ ಯಂತ್ರಕ್ಕೆ ಅದು ನಿಲ್ಲು ಎಂದು ಹೇಳಿ ಫಲವೇನು? ಅಂಥ ಪ್ರೆಸ್ಸಿಗೆ ಬೇಕಾದದ್ದು ಬೆರಳೇ ಒಳಗೆ ಹೋಗದಂತೆ ಡೈ ಸುತ್ತ ಕಟ್ಟಿದ ಗಟ್ಟಿ ಗಾರ್ಡು, ತುಣುಕು ಹಿಡಿಯಲು ಇಕ್ಕಳ ಅಥವಾ ಅಯಸ್ಕಾಂತದ ಹಿಡಿ, ಮತ್ತು ಎರಡು ಸಲ ಬಿತ್ತೆಂದು ಮೊದಲ ಬಾರಿ ಕೇಳಿದ ಕ್ಷಣವೇ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುವ ಒಬ್ಬ ಸೂಪರ್‌ವೈಸರ್.

ಹುಡುಗ ಒಂದು ಗುಂಡಿಗೆ ಟೇಪ್ ಸುತ್ತಿ ಒಂದೇ ಕೈಯಲ್ಲಿ ಪ್ರೆಸ್ ನಡೆಸುತ್ತಿದ್ದನೆಂದು ವರದಿಯಲ್ಲಿದೆಯಂತೆ. ಸುತ್ತಿದ್ದಾನು. ಗಂಟೆಗೆ 600 ತುಣುಕು ಕೇಳುವ ಶಾಪಿನಲ್ಲಿ ಟೇಪ್ ತಾನಾಗಿಯೇ ಹುಟ್ಟುತ್ತದೆ, ಮತ್ತು ಅದು ಆ ರಾತ್ರಿ ಹುಟ್ಟಿದ್ದಲ್ಲವೆಂಬುದು ಅದರ ಮುಂದೆ ದಿನಕ್ಕೆ ಹತ್ತು ಬಾರಿ ಓಡಾಡಿದ ನಿಮಗೂ ಮಾವನವರಿಗೂ ತಿಳಿದಿದೆ. ಅಂದು ಪ್ರೆಸ್ ಎರಡು ಸಲ ಬಿದ್ದದ್ದನ್ನು ಪಕ್ಕದ ಯಂತ್ರದವರು ಕಂಡಿದ್ದಾರೆಂದು ನೀವೇ ಬರೆದಿದ್ದೀರಿ; ಆ ಎರಡನೆಯ ಹೊಡೆತಕ್ಕೆ ಗುಂಡಿಯ ಹಂಗೂ ಇರಲಿಲ್ಲ, ಟೇಪಿನ ಹಂಗೂ ಇರಲಿಲ್ಲ.

ನಿಮ್ಮ ಶಾಪಿನ ಗೋಡೆಯ ಮೇಲೆ 5ಎಸ್, ಕೈಜೆನ್, ಪೋಕಾ ಯೋಕೆ ಎಂಬ ಜಪಾನಿ ಕಾರ್ಖಾನೆ ಪದ್ಧತಿಗಳ ಹಲಗೆಗಳು ಇದ್ದೇ ಇರುತ್ತವೆ, ಭೋಸರಿಯಿಂದ ಚಾಕಣದವರೆಗೆ ಅವಿಲ್ಲದ ಗೋಡೆಯನ್ನು ನಾನು ಕಂಡಿಲ್ಲ. ಆ ಮೂರನೆಯ ಹೆಸರಿನ ಹಿಂದೆ ಒಂದು ಕಥೆಯಿದೆ. ಕೆಲಸಗಾರ ತಪ್ಪು ಮಾಡಲು ಸಾಧ್ಯವೇ ಆಗದಂತೆ ಉಪಕರಣವನ್ನು ರೂಪಿಸುವ ಈ ವಿಧಾನವನ್ನು ಜಪಾನಿನ ಶಿಗಿಯೊ ಶಿಂಗೊ ಅವರು ಮೊದಲು ‘ಬಾಕಾ ಯೋಕೆ’, ಅಂದರೆ ಮೂರ್ಖತನಕ್ಕೆ ತಡೆ, ಎಂದು ಕರೆಯುತ್ತಿದ್ದರು. ಆ ಮಾತು ಕೇಳಿ ಕೆಲಸಗಾರ್ತಿಯೊಬ್ಬರು ಮನನೊಂದ ಮೇಲೆ, 1963ರಲ್ಲಿ ಅವರು ಅದನ್ನು ‘ಪೋಕಾ ಯೋಕೆ’, ಅಂದರೆ ಕೈತಪ್ಪಿಗೆ ತಡೆ, ಎಂದು ಬದಲಿಸಿದರು. ಅವರು 60 ವರ್ಷಗಳ ಹಿಂದೆ ಕೈಬಿಟ್ಟ ಬಾಕಾ ಎಂಬ ಪದವೇ ಇಂದು ನಿಮ್ಮ ವರದಿಯಲ್ಲಿ ‘ಅಜಾಗರೂಕತೆ’ ಎಂಬ ವೇಷದಲ್ಲಿ ಕುಳಿತಿದೆ.

ಮಾವನವರ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಮಾಲು ತಡವಾದರೆ ಮೇಲಿನವರ ಬಾಯಿಗೆ ಸಿಗುವವರು ಅವರು, ಹೆದರಿದ್ದಾರೆ. ನನ್ನ ಕೋಪವಿರುವುದು ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಎಚ್‌ಆರ್ ಅಧಿಕಾರಿಯ ಮೇಲೆ. ಆಸ್ಪತ್ರೆಗೆ ಹೋಗದೆ, ಹುಡುಗನ ಹೇಳಿಕೆ ಪಡೆಯದೆ, ಅವನಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ವರದಿಯನ್ನು ಸಿದ್ಧಪಡಿಸಿಟ್ಟವರು ಅವರು. ಗೇಟಿನ ಬಳಿಯ ಹಲಗೆಯಲ್ಲಿ ‘ಅಪಘಾತರಹಿತ ದಿನಗಳು’ ಎಂಬುದರ ಮುಂದಿನ ಅಂಕಿಯನ್ನು ಸೊನ್ನೆಗೆ ಇಳಿಸದೆ ಮರುದಿನವೂ ಏರಿಸಿದವರೂ ಅವರೇ ಇರಬೇಕು. ಅದೇ ಕುರ್ಚಿಯಲ್ಲಿ 26 ವರ್ಷ ಕುಳಿತು ನಿವೃತ್ತನಾದವನು ನಾನು, ಆದ್ದರಿಂದ ಇಷ್ಟು ಹೇಳುವ ಅಧಿಕಾರ ನನಗಿದೆ ಎಂದುಕೊಳ್ಳುತ್ತೇನೆ. ಈ ಅಂಕಣದ ಹಳೆಯ ಓದುಗರಿಗೆ ಆ ಹಲಗೆಗಳ ಮೇಲಿನ ನನ್ನ ದ್ವೇಷ ಹೊಸದಲ್ಲ: ದೊಡ್ಡ ಅಂಕಿಯನ್ನು ಉಳಿಸಿಕೊಳ್ಳುವ ಆಸೆಗೆ ಸಣ್ಣ ಗಾಯಗಳು ಬ್ಯಾಂಡೇಜಿನೊಳಗೇ ಮುಚ್ಚಿಹೋಗುತ್ತವೆ. ಮಾರ್ಚ್ 4ರ ಸುರಕ್ಷತಾ ದಿನದಂದು ಬಿಲ್ಲೆ ಚುಚ್ಚಿಕೊಂಡು ಪ್ರತಿಜ್ಞೆ ಮಾಡುವವರಲ್ಲಿ ಎಷ್ಟು ಮಂದಿ ಮಾರ್ಚ್ 5ರಂದು ಒಬ್ಬ ಹೆಲ್ಪರನ ಮಾತನ್ನು ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ?

ಹುಡುಗನಿಗೆ ಪರಿಹಾರದ ಹಣ ತಪ್ಪೀತೆಂಬ ನಿಮ್ಮ ಭಯಕ್ಕೆ ಚಿಕ್ಕ ಉತ್ತರ ಸಾಕು. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವನಾದ್ದರಿಂದ, ಠೇಕೆದಾರನ ಕಡೆಯವನಾದರೂ ಅವನು ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು, ಬೆರಳು ಹೋದ ಶಾಶ್ವತ ಊನಕ್ಕೆ ನಷ್ಟದ ಪ್ರಮಾಣದಂತೆ ಜೀವನಪರ್ಯಂತ ಹಣ ಸಿಗಬೇಕು. ಮಾಲೀಕನ ಕೆಲಸದ ಸಲುವಾಗಿಯೇ ನಿಯಮ ಮೀರಿದ್ದರೆ ಅಷ್ಟಕ್ಕೇ ಅದು ತಪ್ಪಿಹೋಗದು. ಹಾಗಿದ್ದರೆ ‘ಅಜಾಗರೂಕತೆ’ ಎಂಬ ಪದ ಯಾರಿಗೆ ಬೇಕು? ಹುಡುಗನನ್ನು ಮನೆಗೆ ಕಳುಹಿಸಲು ಬೇಕು, ಮತ್ತು ಪ್ರೆಸ್ಸನ್ನು ಮರುದಿನವೇ ಶುರು ಮಾಡಲು ಬೇಕು. ಅದು ಶುರುವಾಗಿದೆಯೆಂದು ನೀವೇ ತಿಳಿಸಿದ್ದೀರಿ, ಇನ್ನೊಬ್ಬ ಹುಡುಗ ಅದರ ಮುಂದೆ ಕುಳಿತಿದ್ದಾನೆ.

ಆದ್ದರಿಂದ ನಿಮಗೆ ನಾನು ಹೇಳುವ ಕೆಲಸ ಒಂದೇ. ಟೈಪ್ ಮಾಡಿದ ವರದಿಯನ್ನು ಪಕ್ಕಕ್ಕಿಟ್ಟು, ಬಿಳಿ ಹಾಳೆಯ ಮೇಲೆ ನಿಮ್ಮ ಕೈಬರಹದಲ್ಲಿ, ಮರಾಠಿಯಾದರೆ ಮರಾಠಿ, ಹಿಂದಿಯಾದರೆ ಹಿಂದಿ, ಮೊದಲ ಸಾಲಾಗಿ ಇದನ್ನು ಬರೆಯಿರಿ: ಇಂಥ ದಿನಾಂಕದಂದು ಇಂಥ ನಂಬರಿನ ಪ್ರೆಸ್ ಎರಡು ಸಲ ಬೀಳುತ್ತಿದೆಯೆಂದು ಅದರ ಕೆಲಸಗಾರ ನನಗೆ ತಿಳಿಸಿದ್ದ, ನಾನು ಯಂತ್ರ ನಿಲ್ಲಿಸಲಿಲ್ಲ, ಅದರ ದೋಷ ಇನ್ನೂ ಸರಿಯಾಗಿಲ್ಲ. ಕೆಳಗೆ ಸಹಿ, ದಿನಾಂಕ, ವೇಳೆ ಹಾಕಿ ಸ್ವೀಕೃತಿ ಪಡೆಯಿರಿ. ದೋಷ ಸರಿಯಾಗುವವರೆಗೆ ನಿಮ್ಮ ಪಾಳಿಯಲ್ಲಿ ಆ ಪ್ರೆಸ್ಸಿಗೆ ಕರೆಂಟು ಬೇಡ. ಬಾಯಿಮಾತನ್ನು ಮಾವನವರು ಮರೆಯಬಹುದು, ಆದರೆ ಇಂಥ ಕಾಗದ ಕೈಗೆ ಬಂದ ಮೇಲೆ ಆ ಯಂತ್ರವನ್ನು ನಡೆಸುವ ಧೈರ್ಯ ಯಾವ ಮ್ಯಾನೇಜರಿಗೂ ಸುಲಭವಾಗಿ ಬರುವುದಿಲ್ಲ. ಗಂಭೀರ ಗಾಯವಾಗುವ ಸೂಚನೆ ಕಂಡರೆ ಮಾಲೀಕರಿಗೆ ತಿಳಿಸುವ, ಜೊತೆಗೇ ಸರ್ಕಾರಿ ನಿರೀಕ್ಷಕರಿಗೂ ತಿಳಿಸುವ ಹಕ್ಕು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿದೆ. ಸ್ವೀಕೃತಿ ಕೊಡಲು ಒಪ್ಪದಿದ್ದರೆ, ಅಥವಾ ಪ್ರೆಸ್ಸನ್ನು ಹಾಗೆಯೇ ನಡೆಸಿದರೆ, ನಿರೀಕ್ಷಕರ ಬಾಗಿಲಿಗೆ ಹೋಗಿ.

ಇದರಿಂದ ನಿಮ್ಮ ಮೇಲೂ ತಪ್ಪು ಬರುತ್ತದೆ, ಬರಲಿ. ಮೆಮೊ ಬರಬಹುದು, ಬಡ್ತಿ ತಡೆಯಬಹುದು, ಹಬ್ಬಕ್ಕೆ ಮಾವನ ಮನೆಯಿಂದ ಕರೆ ಬರದೆಯೂ ಇರಬಹುದು. ಕಾಗದ ಕೊಡುವಾಗ ಅವರನ್ನು ಸಾಹೇಬರೇ ಎಂದೇ ಕರೆಯಿರಿ. ಮಾವ ಎನ್ನುವುದು ಮನೆಯಲ್ಲಿ, ಅಲ್ಲಿ ಅವರ ಕಾಲಿಗೆ ಬಿದ್ದು ಕ್ಷಮೆ ಕೇಳಿದರೂ ನನ್ನ ತಕರಾರಿಲ್ಲ.

ಹುಡುಗನ ತಾಯಿ ದಿನವೂ ಸಂಜೆ ಫೋನ್ ಮಾಡುತ್ತಾರೆ, ಎತ್ತಲು ಮನಸ್ಸಾಗುತ್ತಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀರಿ. ಸ್ವೀಕೃತಿಯ ಪ್ರತಿ ಜೇಬಿಗೆ ಬಂದ ದಿನ ಆ ಫೋನ್ ಎತ್ತಿ, ಮೂರನೆಯ ಪುಟದ ಆ ಸಾಲನ್ನು ಅವರಿಗೆ ಹೇಳಿ.