ಹಾಲಿನ ಗ್ರಾಫ್‌ನಲ್ಲಿ ಕಾಸ್ಟಿಕ್ ಯಾಕೆ ಬಂತು?

ಪ್ರಶ್ನೆ: ನಮ್ಮದು ಸಣ್ಣ ಹಾಲಿನ ಘಟಕ. ಹಾಲು ಕಾಯಿಸಿ ರೋಗಾಣು ಕೊಲ್ಲುವ ಪಾಶ್ಚರೈಸರ್‌ನ ಪಿಎಲ್‌ಸಿಯಿಂದ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಪ್ರತಿ ಸೆಕೆಂಡಿಗೊಮ್ಮೆ ತಾಪಮಾನ, ಹರಿವು, ಒತ್ತಡ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬಂದು ಕೂರುತ್ತವೆ. ಗ್ರಾಫ್ ತೋರಿಸುವ ಸಾಫ್ಟ್‌ವೇರ್ ಗ್ರಫಾನಾದಲ್ಲಿ ಗ್ರಾಫ್ ಮಾಡಿದ್ದೇನೆ. ದಿನಕ್ಕೆ ಮೂರ್ನಾಲ್ಕು ಬ್ಯಾಚ್, ನಡುನಡುವೆ ಸಿಐಪಿ, ಅಂದರೆ ಪೈಪು ಬಿಚ್ಚದೆಯೇ ಒಳಗೆ ತೊಳೆಯುವುದು. ಮೇಲಿನ ಪಟ್ಟಿಯಲ್ಲಿ ಬ್ಯಾಚ್ ನಂಬರ್ ಆರಿಸಿದರೆ ಆ ಬ್ಯಾಚಿನದು ಮಾತ್ರ ಕಾಣಬೇಕು, ಸಿಐಪಿ ಹೊತ್ತು ಬಿಟ್ಟುಹೋಗಬೇಕು. 70 ಡಿಗ್ರಿಗಿಂತ ಮೇಲಿನದನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕಿ ನೋಡಿದೆ, ಸರಿಹೋಗಲಿಲ್ಲ. ಎರಡು ಬ್ಯಾಚ್‌ಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸಬಹುದಾ? ಹಳೆಯ ಆರು ತಿಂಗಳ ಡೇಟಾಕ್ಕೆ ಏನು ಮಾಡಲಿ?

ಉತ್ತರ: ಮೊದಲು ಆ 70 ಡಿಗ್ರಿಯ ಫಿಲ್ಟರ್ ತೆಗೆದುಬಿಡಿ. ಅದರಲ್ಲಿ ಎರಡು ತಪ್ಪಿದೆ. ಹಾಲನ್ನು 72 ಡಿಗ್ರಿಯಲ್ಲಿ ಕನಿಷ್ಠ 15 ಸೆಕೆಂಡ್ ಹಿಡಿದಿಡುತ್ತೀರಿ. ಸಿಐಪಿಯಲ್ಲಿ ತೊಳೆಯುವ ಕಾಸ್ಟಿಕ್ (ಕಾಸ್ಟಿಕ್ ಸೋಡಾ) ದ್ರಾವಣವೂ ಸುಮಾರು 70ರಿಂದ 80 ಡಿಗ್ರಿಯಲ್ಲೇ ಅದೇ ಪೈಪುಗಳಲ್ಲಿ ಸುತ್ತುತ್ತದೆ. ಸೆನ್ಸರ್‌ಗೆ ಹಾಲು ಯಾವುದು, ಕಾಸ್ಟಿಕ್ ಯಾವುದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಗೊತ್ತಿರೋದು 75 ಅನ್ನೋ ಅಂಕಿ ಮಾತ್ರ. ಹಾಗಾಗಿ ಸಿಐಪಿ ನಿಮ್ಮ ಗ್ರಾಫ್‌ನಲ್ಲಿ ಉಳಿದೇ ಇರುತ್ತದೆ. ಎರಡನೆಯದು ಇನ್ನೂ ದೊಡ್ಡ ತಪ್ಪು. ಬ್ಯಾಚಿನ ಮಧ್ಯೆ ತಾಪಮಾನ 68ಕ್ಕೆ ಬಿದ್ದರೆ, ನೀವು ನೋಡಲೇಬೇಕಾದ ಆ ಕ್ಷಣವನ್ನೇ ಈ ಫಿಲ್ಟರ್ ಅಳಿಸಿಹಾಕುತ್ತದೆ.

ಆಗ ಏನು ನಡೆಯುತ್ತಿತ್ತು ಅನ್ನೋದು ಅಂಕಿಯೊಳಗೆ ಇರುವುದಿಲ್ಲ. ಅದನ್ನು ಬೇರೆಯಾಗಿ ಬರೆದಿಡಬೇಕು. ಡೇಟಾಬೇಸಿನಲ್ಲಿ ಇನ್ನೊಂದು ಪುಟ್ಟ ಟೇಬಲ್ ಮಾಡಿ. ಅದಕ್ಕೆ ನಾಲ್ಕೇ ಕಾಲಂ ಸಾಕು: ಏನು ನಡೆಯಿತು, ಬ್ಯಾಚ್ ನಂಬರ್, ಶುರುವಾದ ಸಮಯ, ಮುಗಿದ ಸಮಯ. ಹಾಲು ಹರಿದದ್ದು ಒಂದು ಸಾಲು, ಸಿಐಪಿ ಒಂದು ಸಾಲು. ತಾಪಮಾನ ಸಾಲದಾಗ ಡೈವರ್ಶನ್ ವಾಲ್ವ್ ತಿರುಗಿ ಹಾಲು ಶುರುವಿನ ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸ್ ಹೋದದ್ದಕ್ಕೂ ಒಂದು ಸಾಲು. ದಿನಕ್ಕೆ 86,400 ಸಾಲು ಬರುವ ದೊಡ್ಡ ಟೇಬಲ್ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ದೊಡ್ಡ ಕಾರ್ಖಾನೆಗಳಲ್ಲಿ ಡೇಟಾ ಕೂಡಿಡಲು ಬಳಸುವ ಪಿಐ ಸಿಸ್ಟಮ್‌ನಲ್ಲಿ ಇದಕ್ಕೆ ಈವೆಂಟ್ ಫ್ರೇಮ್ ಅಂತಲೇ ಹೆಸರಿದೆ. ನೀವು ಕೈಯಾರೆ ಕಟ್ಟುವುದೂ ಅದನ್ನೇ.

ಈ ಟೇಬಲ್ ಯಾರು ತುಂಬಬೇಕು? ಆದಷ್ಟು ಪಿಎಲ್‌ಸಿಯೇ ತುಂಬಲಿ. ಯಂತ್ರ ಈಗ ಹಾಲಿನ ಮೇಲಿದೆಯೋ, ನೀರಿನ ಮೇಲೋ, ಸಿಐಪಿಯಲ್ಲೋ ಅನ್ನುವ ಸ್ಟೇಟ್ ಪಿಎಲ್‌ಸಿ ಒಳಗೆ ಆಗಲೇ ಇರುತ್ತದೆ. ಅದಿಲ್ಲದೆ ಅದು ವಾಲ್ವ್ ತೆರೆಯಲಾರದು. ಆ ಒಂದು ಟ್ಯಾಗನ್ನೂ (ಪಿಎಲ್‌ಸಿಯಲ್ಲಿ ಹೆಸರಿಟ್ಟ ಬೆಲೆ) ಡೇಟಾಬೇಸಿಗೆ ಕಳಿಸಲು ನಿಮ್ಮ ಪಿಎಲ್‌ಸಿ ನೋಡಿಕೊಳ್ಳುವವರನ್ನು ಕೇಳಿ. ಸ್ಟೇಟ್ ಬದಲಾದ ತಕ್ಷಣ ಹಿಂದಿನ ಸಾಲು ಮುಚ್ಚಿ ಹೊಸ ಸಾಲು ತೆರೆಯಬೇಕು. ನಡೆಯುತ್ತಿರುವ ಬ್ಯಾಚಿಗೆ ಮುಗಿದ ಸಮಯ ಖಾಲಿ ಇರುತ್ತದಲ್ವಾ, ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಆ ಖಾಲಿ ಜಾಗಕ್ಕೆ ಈಗಿನ ಸಮಯ ತುಂಬಿಕೊಳ್ಳಿ. ಒಂದು ಸೆಕೆಂಡು ಯಾವ ಸಾಲಿಗೆ ಸೇರಿದ್ದು ಅಂತ ಹೋಲಿಸುವಾಗ ಶುರುವಾದ ಸೆಕೆಂಡನ್ನು ಸೇರಿಸಿ, ಮುಗಿದ ಸೆಕೆಂಡನ್ನು ಬಿಡಿ. ಇಲ್ಲದಿದ್ದರೆ ಒಂದೇ ಸೆಕೆಂಡು ಹಾಲಿಗೂ ಸಿಐಪಿಗೂ ಸೇರಿಕೊಳ್ಳುತ್ತದೆ.

ಇನ್ನು ಗ್ರಫಾನಾ. ಬ್ಯಾಚ್ ನಂಬರಿಗೆ ಒಂದು ವೇರಿಯಬಲ್ (ಮೇಲಿನ ಆಯ್ಕೆಪಟ್ಟಿ) ಮಾಡಿ, ಪಟ್ಟಿಯನ್ನು ಹೊಸ ಟೇಬಲಿನಿಂದ ತರಿಸಿ, ಹೊಸ ಬ್ಯಾಚ್ ಮೇಲೆ ಬರಲಿ. ಪ್ಯಾನೆಲ್ಲಿನ (ಒಂದು ಗ್ರಾಫ್ ಇರುವ ಚೌಕ) ಕ್ವೆರಿಯಲ್ಲಿ ಎರಡು ಟೇಬಲ್‌ಗಳನ್ನು ಸಮಯದ ಮೇಲೆ ಜೋಡಿಸಿ. ಇಷ್ಟು ಮಾಡಿ, ಮೂರು ದಿನದ ಹಿಂದಿನ ಬ್ಯಾಚ್ ಆರಿಸಿದರೆ ‘ನೋ ಡೇಟಾ’ ಅಂತ ಬರುತ್ತದೆ! ಕ್ವೆರಿ ತಪ್ಪಿಲ್ಲ, ಹೆದರಬೇಡಿ. ಬಲಗಡೆ ಮೇಲೆ ಸಮಯ ‘ಕಳೆದ 6 ಗಂಟೆ’ ಅಂತಲೇ ಕೂತಿದೆ. ವೇರಿಯಬಲ್ ಬದಲಾದರೆ ಆ ಸಮಯ ತಾನಾಗಿ ಬದಲಾಗುವುದಿಲ್ಲ.

ನನಗೆ ಹಿಡಿಸಿದ ದಾರಿ ಹೇಳುತ್ತೇನೆ. ಡ್ಯಾಶ್‌ಬೋರ್ಡಿನ ಎಡಕ್ಕೆ ಬ್ಯಾಚ್‌ಗಳ ಒಂದು ಟೇಬಲ್ ಪ್ಯಾನೆಲ್ ಇಡಿ. ಬ್ಯಾಚ್ ನಂಬರಿನ ಮೇಲೆ ಡೇಟಾ ಲಿಂಕ್ ಕೊಡಿ. ಲಿಂಕ್ ಇದೇ ಡ್ಯಾಶ್‌ಬೋರ್ಡಿನ ವಿಳಾಸಕ್ಕೇ ಹೋಗಲಿ, ಆದರೆ ಕೊನೆಯಲ್ಲಿ ‘ಫ್ರಮ್’ ಮತ್ತು ‘ಟು’ ಜಾಗದಲ್ಲಿ ಆ ಬ್ಯಾಚಿನ ಶುರು ಮತ್ತು ಕೊನೆ ಇರಲಿ, ಜೊತೆಗೆ ಬ್ಯಾಚ್ ನಂಬರೂ ಇರಲಿ. ಗ್ರಫಾನಾಕ್ಕೆ ಇಲ್ಲಿ ಮಿಲಿಸೆಕೆಂಡಿನ ಲೆಕ್ಕ ಬೇಕು, ಅಂದರೆ 13 ಅಂಕಿಯ ಸಂಖ್ಯೆ. ಪೋಸ್ಟ್‌ಗ್ರೆಸ್‌ನ ಎಪಾಕ್ (1970ರ ಆರಂಭದಿಂದ ಎಣಿಸಿದ ಸಮಯ) ಕೊಡುವುದು ಸೆಕೆಂಡಿನ ಲೆಕ್ಕ, 10 ಅಂಕಿ. 1000ದಿಂದ ಗುಣಿಸುವುದನ್ನು ಮರೆತರೆ 1970ನೇ ಇಸವಿಗೆ ಹೋಗಿ ಬೀಳುತ್ತೀರಿ. ಎರಡೂ ಕಡೆ ಐದು ನಿಮಿಷ ಜಾಸ್ತಿ ಕೊಡಿ, ಬ್ಯಾಚಿಗೆ ಮುಂಚೆ ಏನಾಯಿತು ಅನ್ನೋದೂ ಕಾಣಬೇಕು. ಆದರೆ ಬ್ಯಾಚಿಗೆ ಜೋಡಿಸಿದ ಕ್ವೆರಿ ಈ ಹತ್ತು ನಿಮಿಷವನ್ನು ಕತ್ತರಿಸಿಬಿಡುತ್ತದೆ. ಅದಕ್ಕೇ ಜೋಡಿಸದ ಇನ್ನೊಂದು ಪ್ಯಾನೆಲ್ ಕೆಳಗಿರಲಿ. ಅದರಲ್ಲಿ ಘಟನೆಗಳನ್ನು ಆನೊಟೇಶನ್ ಆಗಿ, ಬಣ್ಣದ ಪಟ್ಟಿಯಂತೆ ತೋರಿಸಿ.

ಸಿಐಪಿ ಸಮಯ ಬಿಟ್ಟಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಬಿಟ್ಟ ಜಾಗಕ್ಕೆ ಗ್ರಫಾನಾ ಒಂದು ನೇರ ಗೆರೆ ಎಳೆದುಬಿಡುತ್ತದೆ. ಒಂದು ಬ್ಯಾಚಿನ ಕೊನೆಯ 74ರಿಂದ ಇನ್ನೊಂದರ ಮೊದಲ 73ಕ್ಕೆ, ಒಂದೂವರೆ ಗಂಟೆ ಉದ್ದದ ಗೆರೆ. ಅಷ್ಟು ಹೊತ್ತೂ ಹಾಲು ಚೆನ್ನಾಗಿ ಕಾಯುತ್ತಿತ್ತು ಅಂತ ಅದು ಸುಳ್ಳು ಹೇಳುತ್ತದೆ. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಆಡಿಟ್‌ಗೆ ಬಂದವರು ಇಂಥದ್ದೇ ಗೆರೆಯ ಮೇಲೆ ಬೆರಳಿಟ್ಟು, ‘ಈ ಹೊತ್ತಿನಲ್ಲಿ ಯಾವ ಹಾಲು ಓಡುತ್ತಿತ್ತು?’ ಅಂತ ಕೇಳಿದ್ದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಯಾವ ಹಾಲೂ ಓಡುತ್ತಿರಲಿಲ್ಲ. ಪ್ಯಾನೆಲ್ ಸೆಟ್ಟಿಂಗ್‌ನಲ್ಲಿ ‘ಡಿಸ್ಕನೆಕ್ಟ್ ವ್ಯಾಲ್ಯೂಸ್’ ಅಂತ ಇದೆ. ಅದಕ್ಕೆ 10 ಸೆಕೆಂಡ್ ಮಿತಿ ಕೊಡಿ, ಗೆರೆ ಕಡಿಯುತ್ತದೆ.

ಸರಾಸರಿಯ ಬಗ್ಗೆಯೂ ಎಚ್ಚರ ಇರಲಿ. ಐದು ನಿಮಿಷಕ್ಕೊಂದು ಸರಾಸರಿ ತೆಗೆಯುತ್ತೀರಿ ಅಂತಿಟ್ಟುಕೊಳ್ಳಿ. 288 ಸೆಕೆಂಡ್ 75 ಡಿಗ್ರಿ, 12 ಸೆಕೆಂಡ್ 71 ಡಿಗ್ರಿ. ಸರಾಸರಿ 74.84 ಬರುತ್ತದೆ. ಗ್ರಾಫ್‌ನಲ್ಲಿ ಎಲ್ಲ ಚೆಂದ, ಆದರೆ ವಾಲ್ವ್ ತಿರುಗಿರಬೇಕಾದ 12 ಸೆಕೆಂಡ್ ಮಾಯ. ಪಾಶ್ಚರೈಸೇಶನ್ ತಾಪಮಾನಕ್ಕೆ ಸರಾಸರಿ ಬೇಡ, ಕನಿಷ್ಠ ಬೆಲೆಯನ್ನೇ ತೋರಿಸಿ.

ಗಡಿಯಾರ ಒಮ್ಮೆ ನೋಡಿಕೊಳ್ಳಿ. ಬೆಳಗಿನ 4:30ರ ಬ್ಯಾಚ್ ಗ್ರಾಫ್‌ನಲ್ಲಿ 10 ಗಂಟೆಗೆ ಕಂಡರೆ, ಪಿಎಲ್‌ಸಿ ನಮ್ಮ ಸಮಯ ಕಳಿಸುತ್ತಿದೆ, ಗ್ರಫಾನಾ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂದುಕೊಂಡು ಇನ್ನೂ ಐದೂವರೆ ಗಂಟೆ ಸೇರಿಸುತ್ತಿದೆ ಅಂತ ಅರ್ಥ. ಟೈಮ್‌ಜೋನ್ ಇರುವ ಕಾಲಂ ಬಳಸಿ.

ಎರಡು ಬ್ಯಾಚ್ ಹೋಲಿಸುವುದು ಸುಲಭ. ಪ್ರತಿ ಸಾಲಿನ ಸಮಯದಿಂದ ಆ ಬ್ಯಾಚ್ ಶುರುವಾದ ಸಮಯ ಕಳೆಯಿರಿ. ಎರಡೂ ಸೊನ್ನೆ ನಿಮಿಷದಿಂದ ಶುರುವಾಗುತ್ತವೆ. ಎಕ್ಸ್‌ವೈ ಚಾರ್ಟ್‌ನಲ್ಲಿ ಹಾಕಿ.

ಹಳೆಯ ಆರು ತಿಂಗಳ ಡೇಟಾದಲ್ಲಿ ಸ್ಟೇಟ್ ಟ್ಯಾಗ್ ಇದ್ದರೆ ಕೆಲಸ ಹಗುರ. ಪೋಸ್ಟ್‌ಗ್ರೆಸ್‌ನ ಲ್ಯಾಗ್ ಫಂಕ್ಷನ್ ಪ್ರತಿ ಸಾಲಿನ ಪಕ್ಕ ಹಿಂದಿನ ಸಾಲಿನ ಸ್ಟೇಟ್ ತಂದಿಡುತ್ತದೆ. ಎರಡೂ ಬೇರೆಯಾದ ಕಡೆಯೆಲ್ಲ ಹೊಸ ಘಟನೆ ಶುರು. ಟ್ಯಾಗ್ ಇಲ್ಲದಿದ್ದರೆ, ಸಿಐಪಿ ರಿಟರ್ನ್ ಲೈನಿನ ಕಂಡಕ್ಟಿವಿಟಿ (ವಿದ್ಯುತ್ ಹರಿಯಬಿಡುವ ಗುಣ) ದಾಖಲಾಗಿದೆಯಾ ನೋಡಿ. ಕಾಸ್ಟಿಕ್‌ನದು ಹಾಲಿಗಿಂತ ಹಲವು ಪಟ್ಟು ಜಾಸ್ತಿ, ಸುಲಭವಾಗಿ ಬೇರೆ ಮಾಡಬಹುದು. ಅದೂ ಇಲ್ಲ ಅಂದ್ರೆ ಆಪರೇಟರ್‌ಗಳು ಬರೆದ ಲಾಗ್ ಪುಸ್ತಕ ತೆಗೆಯಿರಿ. ದಿನಕ್ಕೆ ನಾಲ್ಕು ಬ್ಯಾಚ್ ಅಂದರೂ ಆರು ತಿಂಗಳಿಗೆ ಸುಮಾರು 720 ಸಾಲು, ಇಬ್ಬರು ಕೂತರೆ ಮೂರ್ನಾಲ್ಕು ದಿನದ ಟೈಪಿಂಗ್. ಪುಸ್ತಕದಲ್ಲಿ ಸಮಯವನ್ನು 5:00, 5:30 ಅಂತ ದುಂಡಾಗಿ ಬರೆದಿರುತ್ತಾರೆ. ಅದಕ್ಕೇ ಬೇರೊಂದು ಕಾಲಂನಲ್ಲಿ ‘ಪುಸ್ತಕದಿಂದ’ ಅಂತ ಗುರುತು ಹಾಕಿಡಿ. ಆ ಬ್ಯಾಚ್‌ಗಳ ಮೊದಲ ಮತ್ತು ಕೊನೆಯ ಹದಿನೈದು ನಿಮಿಷ ಲೆಕ್ಕಕ್ಕೆ ಹಿಡಿಯಬೇಡಿ.