ಪ್ಯಾಪ್ ಟೆಸ್ಟ್ ನಾರ್ಮಲ್ ಇತ್ತಲ್ಲ, ಮತ್ತೆ ಇದು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಅತ್ತಿಗೆ ತಪ್ಪದೆ ಪ್ಯಾಪ್ ಟೆಸ್ಟ್ ಮಾಡಿಸುತ್ತಿದ್ದರು. ಪ್ರತಿ ಸಲವೂ ನಾರ್ಮಲ್. ಈಗ ಅಂಡಾಶಯದ ಕ್ಯಾನ್ಸರ್ ಅಂತೆ, ಅದೂ ಹೊಟ್ಟೆಯಲ್ಲೆಲ್ಲ ಹರಡಿದ ಮೇಲೆ ಗೊತ್ತಾಗಿದೆ. ಟೆಸ್ಟೇ ತಪ್ಪಾಗಿತ್ತಾ? ಇಷ್ಟು ವರ್ಷ ಸಂಶೋಧನೆ ಮಾಡಿದವರು ಇದಕ್ಕೊಂದು ಪರೀಕ್ಷೆ ಕಂಡುಹಿಡಿದಿಲ್ಲವಾ?

ಉತ್ತರ: ಟೆಸ್ಟ್ ತಪ್ಪಾಗಿರಲಿಲ್ಲ. ಅದು ನೋಡುವುದು ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯಿಯನ್ನು. ಅಂಡಾಶಯದ ಸುದ್ದಿಗೇ ಅದು ಹೋಗುವುದಿಲ್ಲ. ‘ಪ್ಯಾಪ್ ಮಾಡಿಸಿದೆ, ಎಲ್ಲಾ ಚೆಕ್ ಆಯಿತು’ ಅಂತ ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಬಿಡಿಸಿ ಹೇಳಬೇಕಾದ ನಾವು ಡಾಕ್ಟರುಗಳು ಅವಸರದಲ್ಲಿ ಹೇಳದೆ ಬಿಡುತ್ತೇವೆ, ತಪ್ಪು ನಮ್ಮದೂ ಹೌದು.

ಗರ್ಭಕಂಠ ಕೈಗೆಟುಕುವ ಜಾಗ. ಅಲ್ಲಿಂದ ನಾಲ್ಕು ಜೀವಕೋಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕು, ಕ್ಯಾನ್ಸರಿನ ಸುಳಿವು ಸಿಗುತ್ತದೆ ಎಂದು 1940ರ ದಶಕದಲ್ಲೇ ಜಾರ್ಜ್ ಪಾಪಾನಿಕೊಲಾವ್ ತೋರಿಸಿದ್ದರು. ಆಮೇಲೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವೂ ಸಿಕ್ಕಿತು. ಎಲ್ಲರೂ ಹರ್ಪಿಸ್ ವೈರಸ್ ಮೇಲೆ ಅನುಮಾನ ಪಡುತ್ತಿದ್ದಾಗ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಹಟ ಹಿಡಿದು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ಬೇರೆ ವೈರಸ್ಸಿನ ಹಿಂದೆ ಬಿದ್ದರು. 1983ರಲ್ಲಿ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ಎಂಬ ಬಗೆಗಳನ್ನು ಹಿಡಿದೇಬಿಟ್ಟರು. 2006ಕ್ಕೆ ಲಸಿಕೆ ಬಂತು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ಅನುಕೂಲವೂ ಇದೆ. ವೈರಸ್ ಹೊಕ್ಕ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು, ಹಾಗಾಗಿ ನಡುವೆ ಹಿಡಿದು ತೆಗೆದುಹಾಕಲು ಸಮಯ ಸಿಗುತ್ತದೆ.

ಅಂಡಾಶಯದಲ್ಲಿ ಇದ್ಯಾವುದೂ ಇಲ್ಲ. ಅದು ಹೊಟ್ಟೆಯೊಳಗೆ ಕೂತಿದೆ. ಸಂಶೋಧಕರು ಎಷ್ಟೋ ವರ್ಷ ಅಂಡಾಶಯದಲ್ಲೇ ಕ್ಯಾನ್ಸರಿನ ಮೊದಲ ಗುರುತು ಹುಡುಕಿದರು, ಸಿಗಲಿಲ್ಲ. ಬಿಆರ್‌ಸಿಎ ಜೀನ್‌ನಲ್ಲಿ ದೋಷವಿದ್ದು ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿರುವ ಹೆಂಗಸರು ಮುಂಜಾಗ್ರತೆಗಾಗಿ ಅಂಡಾಶಯ, ಅಂಡನಾಳ ಎರಡನ್ನೂ ತೆಗೆಸಿಕೊಳ್ಳುತ್ತಾರಲ್ಲ, ಆ ನಾಳಗಳನ್ನು ತೆಳ್ಳಗೆ ಹೋಳು ಮಾಡಿ ನೋಡಿದಾಗ ಗುಟ್ಟು ಬಯಲಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ, ಬೇಗ ಹರಡುವ ಬಗೆ ಬಹುಪಾಲು ಶುರುವಾಗುವುದು ನಾಳದ ತುದಿಯಲ್ಲಿ! ಹೆಸರು ಮಾತ್ರ ಅಂಡಾಶಯದ್ದು.

ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಸಿಎ-125 ಎಂಬ ಪ್ರೋಟೀನಿನ ರಕ್ತಪರೀಕ್ಷೆ ಮಾಡಿಸಿಕೊಂಡರೆ ಆಗಲ್ವಾ ಅಂತ ನೀವು ಕೇಳಬಹುದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಆ ಪರೀಕ್ಷೆಯನ್ನೂ ಸ್ಕ್ಯಾನಿಂಗನ್ನೂ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಸಾವು ಕಡಿಮೆಯಾಗಲಿಲ್ಲ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಇದ್ದಾಗಲೂ ಸಿಎ-125 ಏರುತ್ತದೆ. ತೊಂದರೆ ಏನೂ ಇಲ್ಲದವರು ಸುಮ್ನೆ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ.

ಬದಲಿಗೆ ಮನೆತನದ ಕಥೆ ಕೇಳಿ. ಅತ್ತಿಗೆಗೆ ಬಿಆರ್‌ಸಿಎ ಪರೀಕ್ಷೆ ಮಾಡಿಸಿದ್ದಾರಾ? ದೋಷ ಸಿಕ್ಕಿದರೆ ಅವರ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳು ಎಲ್ಲರೂ ಮಾಡಿಸಬೇಕು. ಗಂಡಸರಿಂದಲೂ ಅದು ಮುಂದಿನ ಪೀಳಿಗೆಗೆ ಹೋಗುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ, ಇವು ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ ಗ್ಯಾಸ್ ಅಂದುಕೊಂಡು ಕೂರಬೇಡಿ.

ಪ್ರಶ್ನೆ: ನನಗೆ 32 ವರ್ಷ. ಪಿಸಿಓಎಸ್ ಇದೆ, ಮಕ್ಕಳಾಗಿಲ್ಲ. ಬಯಾಪ್ಸಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದಿದೆ, ಮೊದಲ ಹಂತ. ಗರ್ಭಕೋಶ ತೆಗೆಯಲೇಬೇಕಾ?

ಉತ್ತರ: ತೆಗೆಯುವುದೇ ಮಾಮೂಲಿ ಚಿಕಿತ್ಸೆ. ಆದರೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ: ಇದು ಗ್ರೇಡ್ 1, ಅಂದರೆ ನಿಧಾನವಾಗಿ ಬೆಳೆಯುವ ಬಗೆ ಹೌದಾ, ಎಂಆರ್‌ಐನಲ್ಲಿ ಸ್ನಾಯುವಿನೊಳಗೆ ಇಳಿದಂತೆ ಕಾಣುತ್ತಿದೆಯಾ? ಗ್ರೇಡ್ 1 ಇದ್ದು, ಒಳಪದರದಲ್ಲೇ ನಿಂತಿದ್ದರೆ, ಪ್ರೊಜೆಸ್ಟಿನ್ ಎಂಬ ಹಾರ್ಮೋನನ್ನು ಮಾತ್ರೆಯಾಗಿಯೋ ಗರ್ಭಕೋಶದೊಳಗೆ ಇಡುವ ಸಾಧನದ ಮೂಲಕವೋ ಕೊಟ್ಟು ನೋಡುವ ದಾರಿ ಇದೆ.

ಮಕ್ಕಳಾಗದಿರುವುದು ಬೇರೆ, ಕ್ಯಾನ್ಸರ್ ಬೇರೆ ಅಂತ ಅನಿಸುತ್ತದೆ ಅಲ್ವಾ? ಬೇರು ಒಂದೇ ಇರಬಹುದು. ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆಯಲ್ಲಿ ಎಷ್ಟೋ ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ. ಅಂಥ ತಿಂಗಳು, ಒಳಪದರದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೊಜೆಸ್ಟೆರೋನ್ ಹಾರ್ಮೋನ್ ತಯಾರಾಗುವುದಿಲ್ಲ. ತಡೆಯುವವರಿಲ್ಲದೆ ಈಸ್ಟ್ರೋಜೆನ್ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ, ಮೈಯಲ್ಲಿನ ಕೊಬ್ಬೂ ಇನ್ನಷ್ಟು ಈಸ್ಟ್ರೋಜೆನ್ ತಯಾರಿಸುತ್ತದೆ. ಬಂಜೆತನ ಮತ್ತು ಈ ಕ್ಯಾನ್ಸರನ್ನು ಕೆಲವು ಸಂಶೋಧಕರು ಒಟ್ಟಿಗೇ ಅಧ್ಯಯನ ಮಾಡುವುದು ಇದಕ್ಕೇ.

ಸುಲಭ ಅಂತ ಮಾತ್ರ ತಿಳಿಯಬೇಡಿ. ಮೂರರಿಂದ ಆರು ತಿಂಗಳಿಗೊಮ್ಮೆ ಬಯಾಪ್ಸಿ ಆಗಬೇಕು. ಮಾಯವಾದ ಮೇಲೂ ಎಷ್ಟೋ ಜನರಿಗೆ ಮತ್ತೆ ಬರುತ್ತದೆ. ಹಾಗಾಗಿ ಗುಣವಾದ ಕೂಡಲೇ, ತಡ ಮಾಡದೆ, ಮಗುವಿಗೆ ಪ್ರಯತ್ನಿಸಬೇಕು. ಹೆರಿಗೆಯ ನಂತರ ಸಾಮಾನ್ಯವಾಗಿ ಗರ್ಭಕೋಶ ತೆಗೆಸಿ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಹೇಳಿ. ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ತೊಂದರೆಯಲ್ಲಿ ಎರಡೂ ಬರಬಹುದು.

ಪ್ರಶ್ನೆ: ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದೇನೆ. ಇನ್ನೂ ಟೆಸ್ಟ್ ಬೇಕಾ?

ಉತ್ತರ: ಬೇಕು. ಕ್ಯಾನ್ಸರ್ ತರುವ ಎಲ್ಲ ಬಗೆಯ ಎಚ್‌ಪಿವಿಯನ್ನೂ ಅದು ತಡೆಯುವುದಿಲ್ಲ, ಮೊದಲೇ ಹೊಕ್ಕಿದ್ದನ್ನು ವಾಸಿ ಮಾಡುವುದೂ ಇಲ್ಲ.